ಮಕ್ಕಳ ಕೈಗೆ ಮೊಬೈಲ್ ಬಂದಾಗಿದೆ, ವಿವೇಕ ಬರಬೇಕಾಗಿದೆ

(ಪಟ್ಟಣವೊಂದರ ಪ್ರೌಢಶಾಲೆಯಲ್ಲಿ ನಡೆದ ಹೆತ್ತವರ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಕಳೆದ ಕೆಲವು ವರ್ಷಗಳಿಂದ ಹೆತ್ತವರ ಸಭೆಗಳಲ್ಲಿ ನನಗೆ ಎದುರಾಗುತ್ತಿರುವ ಪ್ರಶ್ನೆ ಒಂದೇ. “ಮಾಸ್ಟ್ರೇ, ಮಕ್ಕಳಿಗೆ ಮೊಬೈಲ್ ಕೊಡಬೇಕೇ, ಕೊಡಬಾರದೇ?” ಕೇಳುವವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಇಂದು ಆ ಪ್ರಶ್ನೆಯನ್ನು ನಾವು ಬಹಳ ತಡವಾಗಿ ಕೇಳುತ್ತಿದ್ದೇವೆ. 2020ರಲ್ಲಿ ಕೊರೋನಾದಿಂದಾಗಿ ಶಾಲೆಗಳ ಬಾಗಿಲು ಮುಚ್ಚಿದಾಗ ಪಾಠದ ಹೆಸರಿನಲ್ಲಿ ನಾವೇ ಮಕ್ಕಳ ಕೈಗೆ ಮೊಬೈಲ್ ಕೊಟ್ಟೆವು. ಶಾಲೆಗಳು ತೆರೆದ ಮೇಲೂ ಅದು ನಮ್ಮ ಕೈಗೆ ಮರಳಿ ಬರಲಿಲ್ಲ.

ವಸ್ತುಸ್ಥಿತಿ ಏನೆಂಬುದನ್ನು ಮೊದಲು ನೋಡೋಣ. ಪ್ರಥಮ್ ಸಂಸ್ಥೆಯು ಗ್ರಾಮೀಣ ಭಾರತದಲ್ಲಿ 2024ರಲ್ಲಿ ನಡೆಸಿದ ‘ಅಸರ್’ ಸಮೀಕ್ಷೆಯು 14ರಿಂದ 16 ವರ್ಷದ ಮಕ್ಕಳ ಮೊಬೈಲ್ ಬಳಕೆಯನ್ನು ಪರಿಶೀಲಿಸಿತು. ನೂರರಲ್ಲಿ ಸುಮಾರು 90 ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಸುಮಾರು 82 ಮಕ್ಕಳಿಗೆ ಅದನ್ನು ಬಳಸಲು ಗೊತ್ತಿತ್ತು. ಹಾಗೆ ಬಳಸಲು ಬಲ್ಲವರಲ್ಲಿ, ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗೆ ಬಳಸಿದವರು ಶೇಕಡಾ 57ರಷ್ಟು. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇಕಡಾ 76ರಷ್ಟು. ಇದು ಹಳ್ಳಿಗಳ ಚಿತ್ರಣ. ಪಟ್ಟಣದಲ್ಲಿ ವಾಸಿಸುವ ನಮ್ಮ ಮನೆಗಳ ಚಿತ್ರಣ ಹೇಗಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಆದ್ದರಿಂದ ಕೊಡಬೇಕೇ ಬೇಡವೇ ಎಂಬ ಚರ್ಚೆಯನ್ನು ಬದಿಗಿಡೋಣ. ಮೊಬೈಲ್ ಬಂದಾಗಿದೆ. ಅದರೊಂದಿಗೆ ಬರಬೇಕಾಗಿದ್ದ ಎರಡು ಸಂಗತಿಗಳು ಬಂದಿವೆಯೇ ಎಂಬುದು ಇಂದಿನ ಪ್ರಶ್ನೆ. ಕಣ್ಣೆದುರಿಗೆ ಬಂದುದನ್ನು ಪರಿಶೀಲಿಸುವ ಅಭ್ಯಾಸ ಮೊದಲನೆಯದು. ಎಡವಿ ಬಿದ್ದಾಗ ಮತ್ತೆ ಎದ್ದು ನಿಲ್ಲುವ ಶಕ್ತಿ ಎರಡನೆಯದು. ಮೊದಲನೆಯದನ್ನು ಡಿಜಿಟಲ್ ಸಾಕ್ಷರತೆ ಎನ್ನುತ್ತಾರೆ. ಎರಡನೆಯದಕ್ಕೆ ನಮ್ಮಲ್ಲಿ ಇನ್ನೂ ಒಂದು ಹೆಸರು ಕೂಡಾ ಇಲ್ಲ. ಬಹುಶಃ ಅದರ ಬಗ್ಗೆ ನಾವು ಯೋಚಿಸಿಯೇ ಇಲ್ಲ.

ಬೆರಳಿನ ಜಾಣ್ಮೆ ಸಾಕ್ಷರತೆಯಲ್ಲ

“ನನ್ನ ಮಗನಿಗೆ ಮೊಬೈಲಿನಲ್ಲಿ ಗೊತ್ತಿಲ್ಲದ್ದೇ ಇಲ್ಲ” ಎಂದು ಹೆಮ್ಮೆಯಿಂದ ಹೇಳುವ ತಂದೆಯಂದಿರನ್ನು ನಾನು ಕಂಡಿದ್ದೇನೆ. ಅವರ ಹೆಮ್ಮೆಗೆ ಭಂಗ ತರುವ ಉದ್ದೇಶ ನನಗಿಲ್ಲ. ಆದರೆ ಅದೇ ಅಸರ್ ಸಮೀಕ್ಷೆಯು ಮಕ್ಕಳಲ್ಲಿ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿತ್ತು. ತೊಂದರೆ ಕೊಡುವವರನ್ನು ತಡೆಹಿಡಿಯುವುದು ಅಥವಾ ಅವರ ಬಗ್ಗೆ ದೂರು ನೀಡುವುದು ಹೇಗೆ? ತನ್ನ ಖಾತೆ ಅಪರಿಚಿತರಿಗೆ ಕಾಣದಂತೆ ಮಾಡುವುದು ಹೇಗೆ? ಪಾಸ್‌ವರ್ಡ್ ಬದಲಾಯಿಸುವುದು ಹೇಗೆ? ಸಾಮಾಜಿಕ ಜಾಲತಾಣ ಬಳಸುವ ಮಕ್ಕಳಲ್ಲಿ ಮೊದಲನೆಯದನ್ನು ಬಲ್ಲವರು ಸುಮಾರು 62 ಶೇಕಡಾ, ಎರಡನೆಯದನ್ನು ಬಲ್ಲವರು ಸುಮಾರು 55 ಶೇಕಡಾ, ಮೂರನೆಯದನ್ನು ಬಲ್ಲವರು ಸುಮಾರು 58 ಶೇಕಡಾ. ಅಂದರೆ ಇಂತಹ ಮಕ್ಕಳಲ್ಲಿ ಪ್ರತಿ ಐವರಲ್ಲಿ ಸುಮಾರು ಇಬ್ಬರು ಚಿಲಕ ಹಾಕಲು ಗೊತ್ತಿಲ್ಲದ ಮನೆಯಲ್ಲಿ ವಾಸಿಸುತ್ತಿದ್ದಾರೆ.

ಇದಕ್ಕಿಂತಲೂ ಕಳವಳಕಾರಿಯಾದ ಇನ್ನೊಂದು ಸಂಗತಿಯಿದೆ. 14ರಿಂದ 18 ವರ್ಷದವರ ಕುರಿತು 2023ರಲ್ಲಿ ಅದೇ ಸಂಸ್ಥೆ ನಡೆಸಿದ ಸಮೀಕ್ಷೆಯ ಪ್ರಕಾರ, ಅವರಲ್ಲಿ ನಾಲ್ವರಲ್ಲೊಬ್ಬರಿಗೆ ತಮ್ಮ ಮಾತೃಭಾಷೆಯ ಅಥವಾ ರಾಜ್ಯಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲ. ಓದಲು ಬಾರದವನಿಗೆ ವಿಡಿಯೋ ಹೇಳಿದ್ದೇ ವೇದವಾಕ್ಯ. ಹತ್ತು ಸಾಲಿನ ವರದಿಯನ್ನು ಓದಿ ಅದರಲ್ಲಿ ಹೇಳಿದವರು ಯಾರು, ಯಾವ ದಿನ ಹೇಳಿದರು ಎಂದು ಗುರುತಿಸಲಾರದ ಮಗುವಿಗೆ ಸುಳ್ಳು ಸುದ್ದಿಯನ್ನು ಗುರುತಿಸಲು ಕಲಿಸುವುದಾದರೂ ಹೇಗೆ? ಡಿಜಿಟಲ್ ಸಾಕ್ಷರತೆಯು ಕಂಪ್ಯೂಟರ್ ಕೊಠಡಿಯಲ್ಲಿ ಪ್ರಾರಂಭವಾಗುವುದಿಲ್ಲ. ಅದು ಕನ್ನಡ ಪಾಠದಲ್ಲಿ, ಉರ್ದು ಪಾಠದಲ್ಲಿ ಪ್ರಾರಂಭವಾಗುತ್ತದೆ.

ಉಪಕರಣಗಳಿಂದಲೇ ಎಲ್ಲವೂ ಸರಿಹೋಗುವುದೆಂದು ನಂಬಿದ ದೇಶಗಳಿವೆ. ದಕ್ಷಿಣ ಅಮೆರಿಕದ ಪೆರು ಬಡ ಮಕ್ಕಳಿಗೆ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ನಡೆಸಿದ ಅಧ್ಯಯನವೊಂದನ್ನು ಅಂತರ ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ 2012ರಲ್ಲಿ ಪ್ರಕಟಿಸಿತು. ಭಾಷೆಯಲ್ಲಾಗಲಿ ಗಣಿತದಲ್ಲಾಗಲಿ ಮಕ್ಕಳ ಕಲಿಕೆ ಸುಧಾರಿಸಿದ ಕುರುಹು ಅದರಲ್ಲಿ ಕಾಣಲಿಲ್ಲ. ಯಂತ್ರ ಬಂದಿತ್ತು, ಕಲಿಸುವ ಕ್ರಮ ಬದಲಾಗಿರಲಿಲ್ಲ.

ಇನ್ನು, ಕೌಶಲವಿದ್ದು ವಿವೇಕವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’ ಮತ್ತು 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಹೆಸರಿನಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಕದ್ದು ಅವರನ್ನು ಹರಾಜಿಗಿಟ್ಟಂತೆ ಪ್ರದರ್ಶಿಸಿದ ಹೀನ ಕೃತ್ಯವನ್ನು ನೀವು ಮರೆತಿರಲಾರಿರಿ. ಪತ್ರಕರ್ತೆಯರು, ಹೋರಾಟಗಾರ್ತಿಯರು ಅದಕ್ಕೆ ಗುರಿಯಾದರು. ಬುಲ್ಲಿ ಬಾಯಿ ಪ್ರಕರಣದಲ್ಲಿ ಬಂಧಿತರಾದ ಆರೋಪಿಗಳು ಯಾರು? ಹೆಚ್ಚಿನವರು 18ರಿಂದ 21ರ ಆಸುಪಾಸಿನ ವಯಸ್ಸಿನ ಯುವಜನರು. ಅವರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು. ಒಬ್ಬಾತನನ್ನು ಬಂಧಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಇಂತಹ ಆ್ಯಪ್ ಕಟ್ಟಲು ಬಲ್ಲ ಕೈಗಳಿಗೆ ತಾಂತ್ರಿಕ ಜ್ಞಾನದ ಕೊರತೆ ಇರುವುದಿಲ್ಲ. ಪರದೆಯ ಆಚೆ ಇರುವುದು ಓರ್ವ ತಾಯಿ, ಓರ್ವ ಸಹೋದರಿ ಎಂಬ ಪ್ರಜ್ಞೆಯ ಕೊರತೆ ಇತ್ತು. ಆ ಪ್ರಜ್ಞೆಯನ್ನು ನಮ್ಮ ಗಂಡುಮಕ್ಕಳಲ್ಲಿಯಾದರೂ ನಾವು ಬೆಳೆಸಿದ್ದೇವೆಯೇ? ಸಹಪಾಠಿ ಹುಡುಗಿಯ ಚಿತ್ರವನ್ನು ಗುಂಪಿನಲ್ಲಿ ಹಾಕಿ ನಗುವ ಹುಡುಗರು ನಮ್ಮ ಮನೆಗಳಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ?

ಕತ್ತರಿಸಿ ತೆಗೆದ ಕೊನೆಯ ದೃಶ್ಯ

2018ರ ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ ನಡೆದುದನ್ನು ಜ್ಞಾಪಿಸಿಕೊಳ್ಳಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕಲೇಟು ಹಂಚಿತು. ಅವರು ಮಕ್ಕಳ ಕಳ್ಳರೆಂಬ ವದಂತಿ ಹಬ್ಬಿತು. ಯಾರೋ ಅವರ ವಿಡಿಯೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಿದರು. ಕಾರು ಮುಂದಿನ ಊರಿಗೆ ತಲುಪುವಷ್ಟರಲ್ಲಿ ಅಲ್ಲಿ ಜನಜಂಗುಳಿ ಸೇರಿತ್ತು. ಓರ್ವ ಯುವ ಇಂಜಿನಿಯರ್ ಅಲ್ಲಿಯೇ ಪ್ರಾಣ ಕಳೆದುಕೊಂಡರು, ಜತೆಗಿದ್ದವರು ಗಾಯಗೊಂಡರು. ಅದೇ ವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಓರ್ವ ಯುವಕ ಇದೇ ಬಗೆಯ ವದಂತಿಗೆ ಬಲಿಯಾಗಿದ್ದ. ಒಂದೇ ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೇ ರವಾನಿಸದಂತೆ ವಾಟ್ಸಾಪ್ ಭಾರತದಲ್ಲಿ ಮಿತಿ ಹೇರಿದ್ದು ಈ ಹತ್ಯೆಗಳ ಬಳಿಕವೇ.

ಆ ದಿನಗಳಲ್ಲಿ ದೇಶದಾದ್ಯಂತ ಹರಿದಾಡಿದ ಒಂದು ವಿಡಿಯೋ ಇತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ನಿಜವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ತಯಾರಿಸಿದ ಕಿರುಚಿತ್ರ. ಬೈಕಿನವರು ಮರಳಿ ಬಂದು ಮಗುವನ್ನು ಇಳಿಸುತ್ತಾರೆ, ಮಕ್ಕಳ ಬಗ್ಗೆ ಎಚ್ಚರವಿರಲಿ ಎಂಬ ಫಲಕ ತೋರಿಸುತ್ತಾರೆ. ಆ ಕೊನೆಯ ದೃಶ್ಯವನ್ನು ಯಾರೋ ಕತ್ತರಿಸಿ ತೆಗೆದರು. ಸುಳ್ಳನ್ನು ಸೃಷ್ಟಿಸಲು ಅವರು ಹೊಸದಾಗಿ ಏನನ್ನೂ ಸೇರಿಸಬೇಕಾಗಲಿಲ್ಲ, ಸತ್ಯದ ಬಾಲವನ್ನು ತುಂಡರಿಸಿದರೆ ಸಾಕಾಯಿತು. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ನಿಮಗೆ ತಲುಪಿದ ವಿಡಿಯೋದ ಹಿಂದೆಯೂ ಮುಂದೆಯೂ ಏನಿತ್ತು ಎಂದು ಕೇಳಿರಿ.

ಸುಳ್ಳು ಸುದ್ದಿಗೆ ಬಲಿಯಾದವರ ಸಾಲಿನಲ್ಲಿ ನಮ್ಮ ಸಮುದಾಯವಿದೆ. ಅದು ನಿಜ. ಆದರೆ ಹರಡಿದವರ ಸಾಲಿನಲ್ಲಿ ನಾವಿಲ್ಲವೇ? 2012ರಲ್ಲಿ ಮ್ಯಾನ್ಮಾರ್‌ನ ರೋಹಿಂಗ್ಯಾ ಮುಸ್ಲಿಮರ ಮೇಲೆ ದೌರ್ಜನ್ಯಗಳು ನಡೆದಾಗ ಒಂದು ಛಾಯಾಚಿತ್ರ ವ್ಯಾಪಕವಾಗಿ ಹರಡಿತು. ರಾಶಿ ಬಿದ್ದ ಶವಗಳು, ಅವುಗಳ ನಡುವೆ ನಿಂತಿರುವ ಬೌದ್ಧ ಸನ್ಯಾಸಿಗಳು. ಅದನ್ನು ಕಂಡು ನಾನು ಕಣ್ಣೀರಿಟ್ಟಿದ್ದೆ. ತರಗತಿಯಲ್ಲಿಯೂ ಅದನ್ನು ಪ್ರಸ್ತಾಪಿಸಿದ್ದೆ. ಬಳಿಕ ತಿಳಿದದ್ದೇನು? ಅದು 2010ರ ಏಪ್ರಿಲ್‌ನಲ್ಲಿ ಚೀನಾದ ಯುಶು ಎಂಬಲ್ಲಿ ಸಂಭವಿಸಿದ ಭೂಕಂಪದ ಚಿತ್ರ. ಸತ್ತವರು ಭೂಕಂಪಕ್ಕೆ ಬಲಿಯಾದವರು. ಆ ಟಿಬೆಟನ್ ಸನ್ಯಾಸಿಗಳು ಶವಸಂಸ್ಕಾರಕ್ಕೆ ನೆರವಾಗಲು ಬಂದವರು. ರೋಹಿಂಗ್ಯಾಗಳ ಸಂಕಟ ಸತ್ಯವಾಗಿತ್ತು. ಆ ಸತ್ಯಕ್ಕೆ ನಾವು ಸುಳ್ಳು ಸಾಕ್ಷ್ಯವನ್ನು ಒದಗಿಸಿದೆವು. ನೈಜ ಮರ್ದಿತನ ಪರವಾಗಿ ಸುಳ್ಳು ಸಾಕ್ಷಿ ನುಡಿದವನು ಆತನ ಮೊಕದ್ದಮೆಯನ್ನೇ ಹಾಳುಗೆಡಹುತ್ತಾನೆ. ಅದೇ ವರ್ಷದ ಆಗಸ್ಟ್‌ನಲ್ಲಿ, ಮುಸ್ಲಿಮರು ದಾಳಿ ಮಾಡಲಿದ್ದಾರೆಂಬ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರನ್ನು ತೊರೆದು ರೈಲು ಹತ್ತಿದರು. ಒಂದು ಸುಳ್ಳು ನಮ್ಮನ್ನು ಉದ್ರೇಕಿಸಿತು, ಇನ್ನೊಂದು ಸುಳ್ಳು ನಮ್ಮ ಬಗ್ಗೆ ಇತರರಲ್ಲಿ ಭೀತಿ ಹುಟ್ಟಿಸಿತು.

2017ರಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಏನಾಯಿತು? ಲಸಿಕೆಯಿಂದ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ಸಂದೇಶವನ್ನು ನಮ್ಮವರೇ ನಮ್ಮವರಿಗೆ ಕಳುಹಿಸಿದರು. ಮಕ್ಕಳ ಹಿತಚಿಂತನೆಯ ಹೆಸರಿನಲ್ಲಿ ಮಕ್ಕಳಿಗೇ ಅಪಾಯ ತಂದೆವು.

ಸುದ್ದಿ ಬಂದಾಗ ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿವಿಲ್ಲದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನಲ್ಲಿದೆಯೆಂಬುದು ನಿಮಗೆಲ್ಲ ಗೊತ್ತು. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಅದು ಯಾರಿಂದ ಯಾರಿಗೆ ಬಂತು, ಅವರು ಪರಸ್ಪರ ಭೇಟಿಯಾಗಿದ್ದರೇ, ಅವರ ಪ್ರಾಮಾಣಿಕತೆ ಹೇಗಿತ್ತು ಎಂದು ಕೊಂಡಿ ಕೊಂಡಿಯಾಗಿ ಶೋಧಿಸಿದರು. ಇಂತಹ ಪರಂಪರೆಯ ವಾರೀಸುದಾರರು ‘ಫಾರ್ವರ್ಡ್ ಆಗಿ ಬಂದದ್ದು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಶೋಭೆ ತರುವ ವಿಚಾರವೇ?

ಕಲಿಸಿದರೆ ಕಲಿಯುತ್ತಾರೆಯೇ?

ಇದನ್ನೆಲ್ಲ ಕಲಿಸಲು ಸಾಧ್ಯವೇ ಎಂಬ ಸಂಶಯ ನಿಮ್ಮಲ್ಲಿರಬಹುದು. ಇದಕ್ಕೆ ಬಿಹಾರದಿಂದ ಎರಡು ಉತ್ತರಗಳಿವೆ. 2019ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ಸುಮಿತ್ರಾ ಬದರೀನಾಥನ್ ಎಂಬ ಸಂಶೋಧಕಿ ಅಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಕರನ್ನೊಳಗೊಂಡ ಅಧ್ಯಯನ ನಡೆಸಿದರು. ಮನೆಮನೆಗೆ ತೆರಳಿ, ಸುಳ್ಳು ಸುದ್ದಿಯನ್ನು ಗುರುತಿಸುವುದು ಹೇಗೆಂದು ಸುಮಾರು ಒಂದು ಗಂಟೆಯ ತರಬೇತಿ ನೀಡಲಾಯಿತು. ಒಟ್ಟಾರೆಯಾಗಿ ಅದರಿಂದ ಗಣನೀಯ ಪ್ರಯೋಜನವೇನೂ ಕಾಣಲಿಲ್ಲ. ಬೆಳೆದ ಮರ ಅಷ್ಟು ಸುಲಭದಲ್ಲಿ ಬಾಗುವುದಿಲ್ಲ.

ಆದರೆ ಅವರೂ ಅವರ ಸಹೋದ್ಯೋಗಿಗಳೂ ಅಲ್ಲಿಗೆ ನಿಲ್ಲಿಸಲಿಲ್ಲ. ಕೆಲವು ವರ್ಷಗಳ ಬಳಿಕ ಬಿಹಾರ ಸರಕಾರದ ಸಹಯೋಗದಲ್ಲಿ, 583 ಹಳ್ಳಿಗಳ 13,500ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೊಳಗೊಂಡ ಇನ್ನೊಂದು ಪ್ರಯೋಗ ಮಾಡಿದರು. ಅವರೆಲ್ಲ 8ರಿಂದ 12ನೇ ತರಗತಿಯ ಮಕ್ಕಳು. ಆಯ್ದ ಹಳ್ಳಿಗಳ ಮಕ್ಕಳಿಗೆ 14 ವಾರಗಳ ಅವಧಿಯಲ್ಲಿ ನಾಲ್ಕು ತರಗತಿಗಳನ್ನು ನಡೆಸಲಾಯಿತು. ಕಲಿತ ಮಕ್ಕಳು ಸತ್ಯವನ್ನೂ ಸುಳ್ಳನ್ನೂ ಬೇರ್ಪಡಿಸುವುದರಲ್ಲಿ ಸ್ಪಷ್ಟವಾಗಿ ಮುಂದಾದರು. ನಾಲ್ಕು ತಿಂಗಳ ಬಳಿಕ ಪರೀಕ್ಷಿಸಿದಾಗಲೂ ಆ ಸಾಮರ್ಥ್ಯ ಉಳಿದಿತ್ತು. ಪಾಠಗಳು ಆರೋಗ್ಯದ ಸುದ್ದಿಗಳ ಕುರಿತಾಗಿದ್ದರೂ ರಾಜಕೀಯದ ಸುದ್ದಿಗಳನ್ನು ಅಳೆಯುವಾಗಲೂ ಮಕ್ಕಳಿಗೆ ಅದು ನೆರವಾಯಿತು. ಅತ್ಯಂತ ಗಮನಾರ್ಹ ಸಂಗತಿಯೆಂದರೆ, ತರಗತಿಗೆ ಬಾರದ ಅವರ ಹೆತ್ತವರಲ್ಲಿಯೂ ಸುಧಾರಣೆ ಕಂಡುಬಂತು. ಮಕ್ಕಳು ಮನೆಗೆ ಹೋಗಿ ತಂದೆ ತಾಯಂದಿರಿಗೆ ಕಲಿಸಿದ್ದರು! ಒಂದು ದಿನದ ಉಪನ್ಯಾಸದಿಂದ ಏನೂ ಆಗದು, ಬಿಡದೆ ಕಲಿಸಿದರೆ ಬಡ ರಾಜ್ಯದ ಹಳ್ಳಿಯಲ್ಲಿಯೂ ಫಲ ಸಿಗುತ್ತದೆ ಎಂಬುದು ಇದರಿಂದ ಸ್ಪಷ್ಟ. ನನ್ನ ಈ ಭಾಷಣವೂ ಒಂದು ದಿನದ್ದೇ ಎಂಬ ಅರಿವು ನನಗಿದೆ.

ನೆರೆಯ ಕೇರಳವನ್ನು ನೋಡಿ. ಲಸಿಕೆಯ ಬಗೆಗಿನ ವದಂತಿಗಳಿಂದ ಎಚ್ಚೆತ್ತ ಕಣ್ಣೂರು ಜಿಲ್ಲೆಯ ಅಂದಿನ ಜಿಲ್ಲಾಧಿಕಾರಿ ಮೀರ್ ಮುಹಮ್ಮದ್ ಅಲಿಯವರು 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ತರಗತಿಗಳನ್ನು ಆರಂಭಿಸಿದರು. 2022ರಲ್ಲಿ ಅದೇ ಹೆಸರಿನಲ್ಲಿ ಕೇರಳ ಸರಕಾರವು ಲಕ್ಷಾಂತರ ಶಾಲಾಮಕ್ಕಳಿಗೆ ಸುಳ್ಳು ಸುದ್ದಿಯ ವಿರುದ್ಧ ತರಬೇತಿ ನೀಡಿತು. ಒಂದು ಜಿಲ್ಲೆಯಲ್ಲಿ ಓರ್ವ ಅಧಿಕಾರಿ ತೋರಿದ ಕಾಳಜಿ ಒಂದು ರಾಜ್ಯದ ಕಾರ್ಯಕ್ರಮವಾಗಲು ಸಾಧ್ಯವಾದರೆ ನಮ್ಮಲ್ಲೇಕೆ ಸಾಧ್ಯವಿಲ್ಲ? ಸ್ಮಾರ್ಟ್ ಬೋರ್ಡುಗಳ ಉದ್ಘಾಟನೆಗೆ ಧಾವಿಸುವ ಜನಪ್ರತಿನಿಧಿಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಯಿದು.

ಹೇಳಿದರೆ ಶಾಲೆ ನಿಲ್ಲುತ್ತಿತ್ತು

ಈಗ ಎರಡನೆಯ ಸಂಗತಿಗೆ ಬರುತ್ತೇನೆ. ನಿಮ್ಮನ್ನು ಇಲ್ಲಿಗೆ ಕರೆಸಿದ್ದು ಮುಖ್ಯವಾಗಿ ಇದಕ್ಕಾಗಿ.

ಕೆಲವು ವರ್ಷಗಳ ಹಿಂದೆ ಓರ್ವ ವಿದ್ಯಾರ್ಥಿನಿ ಇದ್ದಕ್ಕಿದ್ದಂತೆ ಮೌನಿಯಾದಳು. ಗುರುತು ತಿಳಿಯದಂತೆ ವಿವರಗಳನ್ನು ಮರೆಮಾಚಿ ಹೇಳುತ್ತಿದ್ದೇನೆ. ಊಟ ಬಿಟ್ಟಳು, ಅಂಕಗಳು ಕುಸಿದವು. ಓರ್ವ ಅಧ್ಯಾಪಿಕೆ ಹಲವು ದಿನಗಳ ಕಾಲ ಸಮಾಧಾನದಿಂದ ಮಾತಾಡಿದ ಮೇಲೆ ವಿಷಯ ಹೊರಬಂತು. ಕುಟುಂಬದ ಮದುವೆಯಲ್ಲಿ ತೆಗೆದ ಆಕೆಯ ಚಿತ್ರವನ್ನು ಯಾರೋ ಕೆಟ್ಟದಾಗಿ ತಿದ್ದಿ, ನಿನ್ನ ಮನೆಯವರಿಗೆ ಕಳುಹಿಸುತ್ತೇನೆಂದು ಬೆದರಿಸುತ್ತಿದ್ದ. ಆ ಮಗು ಮಾಡಿದ ತಪ್ಪು ಏನೂ ಇರಲಿಲ್ಲ. ಉಮ್ಮನಲ್ಲಿ ಯಾಕೆ ಹೇಳಲಿಲ್ಲ ಮಗಳೇ ಎಂದು ಕೇಳಿದಾಗ ಆಕೆ ಹೇಳಿದ್ದು ಮೂರೇ ಪದ: “ಹೇಳಿದರೆ ಶಾಲೆ ನಿಲ್ಲುತ್ತಿತ್ತು.”

ಆ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ. ಬೆದರಿಸುವವನ ಕೈಯಲ್ಲಿದ್ದುದು ಒಂದು ಸುಳ್ಳು ಚಿತ್ರ ಮಾತ್ರ. ಅದಕ್ಕೆ ಬಲ ತುಂಬಿದ್ದು ಯಾರು? ನಮ್ಮ ಸಿಟ್ಟು. ಮಗಳು ತಪ್ಪಿತಸ್ಥೆಯೋ ಅಲ್ಲವೋ ಎಂದು ಕೇಳುವುದಕ್ಕಿಂತ ಮುಂಚೆ ಆಕೆಯ ಶಾಲಾಚೀಲವನ್ನು ಮೂಲೆಗಿಡುವ ನಮ್ಮ ಅಭ್ಯಾಸ. ಆಕೆಯ ಹೆತ್ತವರನ್ನು ಕರೆಸಿ ತಿಳಿಸಿದಾಗ ತಾಯಿ ಅತ್ತರು. ಒಮ್ಮೆ ಹೇಳಬಾರದಿತ್ತೇ ಎಂದು ಮಗಳನ್ನು ಅಪ್ಪಿಕೊಂಡರು. ಉಮ್ಮ ಅಪ್ಪಿಕೊಳ್ಳುವರೆಂಬುದು ಮಗಳಿಗೆ ಮುಂಚಿತವಾಗಿ ತಿಳಿದಿರಲಿಲ್ಲ. ಇದ್ದ ತೊಂದರೆ ಅಷ್ಟೇ.

ಇದು ನಮ್ಮೊಂದು ಊರಿನ ಕತೆಯೂ ಅಲ್ಲ. ಯುನಿಸೆಫ್, ಇಂಟರ್‌ಪೋಲ್ ಮತ್ತು ಎಕ್‌ಪ್ಯಾಟ್ ಸಂಸ್ಥೆಗಳು ಆಫ್ರಿಕಾ ಮತ್ತು ಆಗ್ನೇಯ ಏಷ್ಯಾದ ಹಲವು ದೇಶಗಳಲ್ಲಿ 12ರಿಂದ 17 ವರ್ಷದ ಮಕ್ಕಳನ್ನು ಮಾತಾಡಿಸಿದುವು. ಕೀನ್ಯಾ, ತಾಂಝಾನಿಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳು ಅದರಲ್ಲಿದ್ದವು. ಅಂತರ್ಜಾಲದಲ್ಲಿ ಶೋಷಣೆಗೊಳಗಾದ ಮಕ್ಕಳಲ್ಲಿ ಅನೇಕರು ಯಾರಲ್ಲಿಯೂ ಹೇಳಿರಲಿಲ್ಲ. ಹೇಳಿದವರೂ ಹೆಚ್ಚಾಗಿ ಗೆಳೆಯ ಗೆಳತಿಯರಿಗೆ ಹೇಳಿದ್ದರು. ಪೊಲೀಸರನ್ನು ಅಥವಾ ಸಹಾಯವಾಣಿಯನ್ನು ಸಂಪರ್ಕಿಸಿದವರು ತೀರಾ ವಿರಳ. ಇನ್ನೊಂದು ವಿಷಯವೂ ಅಲ್ಲಿ ಬೆಳಕಿಗೆ ಬಂತು: ಶೋಷಿಸಿದವರು ಅನೇಕ ಬಾರಿ ಮಗುವಿಗೆ ಪರಿಚಿತರೇ ಆಗಿದ್ದರು.

ಅಪಾಯ ಬೇರೆ, ಹಾನಿ ಬೇರೆ. ಮಕ್ಕಳ ಅಂತರ್ಜಾಲ ಬಳಕೆಯನ್ನು ಅಧ್ಯಯನ ಮಾಡಿದ ವಿದ್ವಾಂಸರು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಹೊಳೆಯ ಬದಿಯಲ್ಲಿ ಮನೆಯಿರುವವರು ಮಕ್ಕಳಿಗೆ ಈಜು ಕಲಿಸುತ್ತಾರೆ. ಕಲಿಯುವಾಗ ಮಗು ಒಂದೆರಡು ಗುಟುಕು ನೀರು ಕುಡಿಯುತ್ತದೆ. ಆಗ ದಡದಲ್ಲಿ ತಂದೆ ನಿಂತಿದ್ದರೆ ಅದು ಪಾಠ, ಯಾರೂ ಇಲ್ಲದಿದ್ದರೆ ದುರಂತ. ಸಣ್ಣ ತಪ್ಪು ಮಾಡಿ, ಅದನ್ನು ಹಿರಿಯರಲ್ಲಿ ಹೇಳಿ, ಪರಿಹಾರ ಕಂಡುಕೊಂಡ ಮಗು ಮುಂದಿನ ದೊಡ್ಡ ಅಪಾಯವನ್ನು ಎದುರಿಸಲು ಶಕ್ತವಾಗುತ್ತದೆ. ಚೇತರಿಸಿಕೊಳ್ಳುವ ಶಕ್ತಿ ಎಂದರೆ ಇದೇ.

ಹಾಗಾದರೆ ನಿರ್ಬಂಧವೇ ಬೇಡವೇ? ಬೇಕು. ಆಸ್ಟ್ರೇಲಿಯವು 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ 2025ರ ಡಿಸೆಂಬರ್ 10ರಿಂದ ಕಾನೂನು ಜಾರಿಗೊಳಿಸಿತು. ಕಂಪೆನಿಗಳ ಮೇಲೆ ಹೊಣೆ ಹೊರಿಸುವುದು ಸರಿಯಾದ ಕ್ರಮ. ಆದರೆ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ನಮ್ಮಲ್ಲಿ, ಅಣ್ಣನ ಖಾತೆಯಲ್ಲಿ ತಂಗಿ ನೋಡುವ ನಮ್ಮಲ್ಲಿ, ವಯಸ್ಸಿನ ಗೋಡೆ ಎಷ್ಟು ಎತ್ತರ ನಿಂತೀತು? ಗೋಡೆ ಕಟ್ಟಿದರೂ ಈಜು ಕಲಿಸಲೇಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. 2023ರ ಅಸರ್ ಸಮೀಕ್ಷೆಯಲ್ಲಿ, ಮೊಬೈಲ್ ಬಳಸಲು ಬಲ್ಲ 14ರಿಂದ 18 ವರ್ಷದ ಹುಡುಗರಲ್ಲಿ ಸುಮಾರು 44 ಶೇಕಡಾ ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಅದು ಸುಮಾರು 20 ಶೇಕಡಾ. ನಾವು ಇದನ್ನು ಸುರಕ್ಷತೆ ಎಂದುಕೊಂಡಿದ್ದೇವೆ. ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶ ಪರೀಕ್ಷೆ, ಫಲಿತಾಂಶ, ಬ್ಯಾಂಕ್ ವ್ಯವಹಾರ ಎಲ್ಲವೂ ಮೊಬೈಲಿನಲ್ಲಿ ನಡೆಯುವಾಗ, ಮದುವೆಯಾಗುವ ತನಕ ಅದನ್ನು ಮುಟ್ಟದ ಹುಡುಗಿ ಮರುದಿನ ಏಕಾಏಕಿ ಜಾಗೃತೆಯಾಗುವಳೇ? ಏನೂ ತಿಳಿಯದವಳನ್ನು ವಂಚಿಸುವುದು ಅತ್ಯಂತ ಸುಲಭ. ಇನ್ನೊಂದೆಡೆ, ಯಾವ ಪ್ರಶ್ನೆಯೂ ಇಲ್ಲದೆ ಗಂಡುಮಕ್ಕಳ ಕೈಗೆ ಕೊಟ್ಟ ಫೋನಿನಲ್ಲಿ ಏನು ನಡೆಯುತ್ತಿದೆಯೆಂದು ನಾವು ವಿಚಾರಿಸುವುದಿಲ್ಲ. ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನು, ಸಿಮ್ ಕಾರ್ಡನ್ನು ಅಪರಿಚಿತರಿಗೆ ಒಪ್ಪಿಸಿ, ಬಳಿಕ ವಂಚನೆ ಪ್ರಕರಣಗಳಲ್ಲಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತುತ್ತಿರುವ ಯುವಕರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅವರೂ ಯಾರದೋ ಮನೆಯ ಮಕ್ಕಳು.

ನಾವು ಮಾಡಬೇಕಾದುದು

ಮನೆಯಲ್ಲಿ ಏನು ಮಾಡಬೇಕು? ವಾರಕ್ಕೊಮ್ಮೆ ಊಟವಾದ ಬಳಿಕ ಎಲ್ಲರೂ ಕುಳಿತು, ಆ ವಾರ ಬಂದ ಒಂದು ಸಂದೇಶವನ್ನು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿ. ಹೇಳಿದವರು ಯಾರು? ಎಲ್ಲಿ, ಯಾವಾಗ ನಡೆದದ್ದು? ಬೇರೆ ಪತ್ರಿಕೆಗಳಲ್ಲಿ ಬಂದಿದೆಯೇ? ಚಿತ್ರವಾದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಅದು ಮೊದಲು ಎಲ್ಲಿ ಬಂದಿತ್ತೆಂದು ಹುಡುಕಲಿ. ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನೂ ಧ್ವನಿಯನ್ನೂ ಸೃಷ್ಟಿಸುವ ಈ ಕಾಲದಲ್ಲಿ ‘ಕಣ್ಣಾರೆ ಕಂಡೆ’ ಎಂಬುದು ಸಾಕ್ಷ್ಯವಾಗಿ ಉಳಿದಿಲ್ಲವೆಂದು ತಿಳಿಹೇಳಿ. ಹಣ ಸ್ವೀಕರಿಸಲು ಯುಪಿಐ ಪಿನ್ ಬೇಕಾಗುವುದಿಲ್ಲ, ಪಿನ್ ಕೇಳಿದರೆ ಹಣ ಹೋಗುತ್ತದೆಂದೇ ಅರ್ಥ ಎಂಬುದನ್ನು ಅಜ್ಜಿಗೂ ಮೊಮ್ಮಗಳು ಹೇಳಿಕೊಡಲಿ. ನೀವು ಕಳುಹಿಸಿದ ಸುದ್ದಿ ಸುಳ್ಳೆಂದು ಮಗು ತೋರಿಸಿಕೊಟ್ಟರೆ, ದಯವಿಟ್ಟು ಗದರಬೇಡಿ. ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕಿ.

ಬೆದರಿಕೆ ಬಂದರೆ ಏನು ಮಾಡಬೇಕೆಂದು ಈಗಲೇ ಹೇಳಿಡಿ. ಹಣ ಕೊಡಬಾರದು, ಕೊಟ್ಟಲ್ಲಿಗೆ ಅದು ಮುಗಿಯುವುದಿಲ್ಲ. ಹೆದರಿ ಸಂದೇಶಗಳನ್ನು ಅಳಿಸಬಾರದು. ಅವುಗಳ ಸ್ಕ್ರೀನ್‌ಶಾಟ್ ತೆಗೆದಿಡಬೇಕು, ಬಳಿಕ ಆ ವ್ಯಕ್ತಿಯನ್ನು ಬ್ಲಾಕ್ ಮಾಡಬೇಕು. ಸೈಬರ್ ವಂಚನೆಗೆ 1930, ಮಕ್ಕಳ ಸಹಾಯವಾಣಿಗೆ 1098 ಎಂಬ ಎರಡು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 18 ವರ್ಷದೊಳಗಿನವರ ಅಶ್ಲೀಲ ಚಿತ್ರಗಳು ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ. ಅಲ್ಲಿ ಚಿತ್ರವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ. ಅದರ ಗುರುತುಸಂಖ್ಯೆಯನ್ನು ಮಾತ್ರ ಪಡೆದು, ಆ ವ್ಯವಸ್ಥೆಗೆ ಸೇರಿದ ಜಾಲತಾಣಗಳು ಚಿತ್ರವನ್ನು ತೆಗೆದುಹಾಕಲು ಅದು ನೆರವಾಗುತ್ತದೆ.

ಶಾಲೆಯ ಪರವಾಗಿ ನಾನು ಒಂದು ಭರವಸೆ ನೀಡುತ್ತೇನೆ. ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ತಿಂಗಳಿಗೊಂದು ಅವಧಿಯನ್ನು ಇದಕ್ಕಾಗಿ ಮೀಸಲಿಡುತ್ತೇವೆ. ಮಕ್ಕಳು ನಿರ್ಭಯವಾಗಿ ಮಾತಾಡಬಹುದಾದ ಓರ್ವ ಅಧ್ಯಾಪಕ ಮತ್ತು ಓರ್ವ ಅಧ್ಯಾಪಿಕೆಯನ್ನು ನೇಮಿಸುತ್ತೇವೆ. ಜಮಾಅತ್‌ನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಮೊಬೈಲ್ ಹರಾಮೋ ಹಲಾಲೋ ಎಂಬ ಚರ್ಚೆಯಲ್ಲಿ ನಾವು ಅನೇಕ ವರ್ಷಗಳನ್ನು ಕಳೆದಿದ್ದೇವೆ. ಶುಕ್ರವಾರದ ಉಪದೇಶದಲ್ಲಿ, ಮದ್ರಸದ ತರಗತಿಯಲ್ಲಿ, ಪರಿಶೀಲಿಸದೆ ಸುದ್ದಿ ಹರಡುವುದು ಎಂತಹ ಪಾಪವೆಂದು ಇನ್ನು ಮುಂದೆ ಹೇಳೋಣ. ಮಾನಹಾನಿಗೊಳಗಾದ ಹುಡುಗಿಯ ಬಗ್ಗೆ ಊರಿನ ನಾಲಗೆಗಳು ಆಡದಂತೆ ನೋಡಿಕೊಳ್ಳೋಣ.

ಮಾನ್ಯರೇ, ಭಾಷಣ ಮುಗಿಸುವ ಮುನ್ನ ನಿಮಗೊಂದು ಮನೆಗೆಲಸ ಕೊಡುತ್ತೇನೆ. ಮಕ್ಕಳಿಗೆ ದಿನವೂ ಕೊಡುತ್ತೇವೆ, ಇಂದು ನಿಮ್ಮ ಸರದಿ. ಈ ರಾತ್ರಿ ಮನೆಗೆ ಹೋಗಿ ನಿಮ್ಮ ಮಗನನ್ನು, ಮಗಳನ್ನು ಪಕ್ಕದಲ್ಲಿ ಕೂರಿಸಿ ಇಷ್ಟು ಹೇಳಿ: “ಮೊಬೈಲಿನಲ್ಲಿ ಏನಾದರೂ ತೊಂದರೆಯಾದರೆ, ತಪ್ಪು ನಿನ್ನದೇ ಆಗಿದ್ದರೂ, ಮೊದಲು ನನ್ನಲ್ಲಿ ಹೇಳು. ನಾನು ಗದರುವುದಿಲ್ಲ. ನಿನ್ನ ಶಾಲೆ ನಿಲ್ಲುವುದಿಲ್ಲ.” ಹೇಳುವಾಗ ನಾಲಗೆ ತಡವರಿಸಬಹುದು, ಏಕೆಂದರೆ ನಮಗೆ ಹೀಗೆ ಯಾರೂ ಹೇಳಿರಲಿಲ್ಲ. ಆದರೂ ಹೇಳಿ. ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ. ಮುಂದಿನ ಸಭೆಯಲ್ಲಿ ನಾನು ಕೇಳುತ್ತೇನೆ.